ಸೊಕ್ಕೂರ ಮಾಸ್ತರ

ಪರದೇಶಕ್ಕೆ ಹೊರಟ ತಂದೆ-ತಾಯಿಗೆ ಮಕ್ಕಳು ಮೂರು ಮಾತು ಬಾಯಿಪಾಠ ಮಾಡಿಸುತ್ತಾರೆ: ನೀರು, ಸಂಡಾಸು, ಸಹಾಯ. ಅರವತ್ತು ದಾಟಿದವರಿಗೆ ಇನ್ನೇನು ಬೇಕು ಎಂಬ ಧೈರ್ಯ ಅವರದು. ಮೆಕ್ಸಿಕೋ ದೇಶದ ಮೊಂತೆರ್ರೇ ಪಟ್ಟಣದಿಂದ ನಮ್ಮ ಮಗನೂ ಫೋನಿನಲ್ಲಿ ಇವನ್ನೇ ಹೇಳಿಕೊಟ್ಟ. ನೀರಿಗೆ ‘ಆಗ್ವಾ’, ಸಂಡಾಸಿಗೆ ‘ಬಾನ್ಯೊ’. ಎರಡೂ ಒಂದೇ ಸಂಜೆಗೆ ಬಾಯಿಗೆ ಹತ್ತಿದವು. ಮೂರನೆಯದು ‘ಅಯೂದಾ’. ಅಲ್ಲಿಗೆ ಬಂದು ನಾನು ಪಟ್ಟು ಹಿಡಿದು ಕೂತೆ.

ಆ ಪದ ಭೀಮೆ ದಂಡೆಯ ನಮ್ಮೂರು ದೇವಣಗಾಂವದ ಕಿವಿಗೆ ಬೀಳುವುದೇ ಬೇರೆ. ಪಡಸಾಲೆಯಲ್ಲಿ ‘ಅಯೂದಾ, ಅಯೂದಾ’ ಎಂದು ಗಟ್ಟಿ ಮಾಡಿಕೊಳ್ಳುತ್ತಿದ್ದರೆ ಒಳಗಿನಿಂದ ಇಕಿ, ನನ್ನ ಹೆಂಡತಿ, “ಆಯುಧ ಯಾಕ ಬೇಕ್ರೀ ನಿಮಗ ಈ ವಯಸ್ಸಿನ್ಯಾಗ? ವಿಮಾನ ಹತ್ತೂಮುಂದ ಹಿಂಗ ಅಂದ್ರ ಪೊಲೀಸರು ಇಳಿಸಿ ಒಯ್ತಾರ. ನಾ ಅಂತೂ ಇಳಿಯಾಕಿ ಅಲ್ಲ” ಅಂದಳು. ಇಳಿಯುವ ಮಾತೇ ಇರಲಿಲ್ಲ. ಸೊಸೆಗೆ ದಿನ ತುಂಬುತ್ತಿತ್ತು, ಬಾಣಂತನ ಮಾಡಲು ಹೊರಟವಳು ಇಕಿ. ನಾನು ಅವಳ ಲಗೇಜಿನ ಜೊತೆಗೆ ಹೊರಟವನು.

ಮೊಂತೆರ್ರೇ ಎಂದರೆ ನಮ್ಮ ಕಡೆಯವರಿಗೆ ಈಗ ತೀರಾ ಗೊತ್ತಿಲ್ಲದ ಊರೇನಲ್ಲ. ಇನ್ಫೋಸಿಸ್ 2007ರಲ್ಲೇ ಅಲ್ಲಿ ಕೇಂದ್ರ ತೆರೆಯಿತು. ಒಂದಲ್ಲ ಒಂದು ಕಂಪನಿ ಹಿಡಿದು ನಮ್ಮ ಹುಡುಗರು ಹೋಗುತ್ತಾರೆ, ಅವರ ಹಿಂದೆ ಖಾರಬ್ಯಾಳಿ ಪುಡಿ ಹೋಗುತ್ತದೆ, ಅದರ ಹಿಂದೆ ನಾವು.

ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾದವನ ಕೈಗೆ ಒಂದು ಅರ್ಥಕ್ಕೆ ಒಂದೇ ಪದ ಕೊಟ್ಟರೆ ಅದು ಅವಮಾನ. ನಮ್ಮಲ್ಲೇ ನೋಡಿ: ಸಹಾಯ ಬೇರೆ, ನೆರವು ಬೇರೆ, ಆಸರೆ, ಒತ್ತಾಸೆ, ಉಪಕಾರ ಎಲ್ಲ ಬೇರೆ ಬೇರೆ. ಪಂಚಾಯಿತಿಯ ಕಟ್ಟೆಯ ಮೇಲೆ ‘ಮದತ್’. ಹೊಲದಲ್ಲಿ ‘ಮುಯ್ಯಾಳು’: ಇವತ್ತು ನೀ ನನ್ನ ಹೊಲಕ್ಕೆ ಬಾ, ನಾಳೆ ನಾ ನಿನ್ನ ಹೊಲಕ್ಕೆ. ಸ್ಪ್ಯಾನಿಷಿನವರು ಇಷ್ಟು ದೊಡ್ಡ ಜನ, ಅರ್ಧ ಭೂಮಿ ಆಳಿದವರು, ಒಂದೇ ಪದದಲ್ಲಿ ಸಂಸಾರ ಮಾಡುತ್ತಾರೆಯೇ? ನಾನು ನಂಬಲಿಲ್ಲ. ಮೊಮ್ಮಗ ಹುಟ್ಟುವುದರೊಳಗೆ ಸರಿಯಾದ ಪದ ಆರಿಸಿಯೇ ಸಿದ್ಧ ಎಂದು ಫೋನಿಗೆ ಚಾರ್ಜ್ ಹಾಕಿದೆ.

ಸ್ಪ್ಯಾನಿಷ್ ರಾಯಲ್ ಅಕಾಡೆಮಿ ಎಂಬುದೊಂದು ಇದೆ. 1713ರಲ್ಲಿ ಹುಟ್ಟಿದ್ದು, ಇಂದಿಗೂ ನಿಘಂಟು ಹೊರಡಿಸುವುದನ್ನು ನಿಲ್ಲಿಸಿಲ್ಲ. ಫೋನಿನಲ್ಲೇ ಸಿಗುತ್ತದೆ. ‘ಅಯೂದಾ’ದ ಕೆಳಗೆ ಸಹಾಯ, ನೆರವು ಎಲ್ಲ ಬಂದ ಮೇಲೆ ಇನ್ನೊಂದು ಹಳೆಯ ಅರ್ಥ ಕೊಟ್ಟಿದ್ದರು. ಅನುವಾದದ ಗುಂಡಿ ಒತ್ತಿದೆ. ಎನಿಮಾ. ಕನ್ನಡಕ ಒರೆಸಿ ಮತ್ತೆ ಒತ್ತಿದೆ. ಎನಿಮಾನೇ. ಇದನ್ನು ಇಕಿಗೆ ಹೇಳಬಾರದಿತ್ತು. ಆದರೆ ಇಂಥ ರತ್ನ ಸಿಕ್ಕಾಗ ಬಾಯಿ ಮುಚ್ಚಿಕೊಂಡಿರುವಷ್ಟು ವೈರಾಗ್ಯ ನನಗೆ ಇನ್ನೂ ಬಂದಿಲ್ಲ. “ಬಾಣಂತಿ ಮನಿ ಬಾಗಿಲದಾಗ ನಿಂತು ಎನಿಮಾ ಎನಿಮಾ ಅಂತ ಒದರ್ತೀರೇನ? ಬೀಗರ ಮುಂದ ಮಾನಾ ಹೋಗ್ತದ” ಎಂದು ಆಕೆ ಕೊಬ್ಬರಿ ಹೆರೆಯುವುದನ್ನು ಮುಂದುವರಿಸಿದಳು.

ಸರಿ, ಬೇರೆ ಪದ. ‘ಅಸಿಸ್ತೆನ್ಸಿಯಾ’ ಇಂಗ್ಲಿಷಿನ ತಮ್ಮನ ಹಾಗೆ ಕಂಡಿತು, ಆದರೆ ಅದರ ಹೆಚ್ಚಿನ ಬದುಕು ಶಾಲೆಯಲ್ಲೇ: ಅದು ಹಾಜರಿ. ನೌಕರಿ ಪೂರ್ತಿ ಹಾಜರಿ ಕೂಗಿದವನು ಆಪತ್ತಿನಲ್ಲೂ ಹಾಜರಿ ಕೂಗುವುದೇ? ಬೇಡ. ‘ಏಚಾರ್ ಊನಾ ಮಾನೊ’ ಎಂದೂ ಅನ್ನುತ್ತಾರೆ, ಅಂದರೆ ಒಂದು ಕೈ ಒಗೆಯುವುದು. ಓದಿದವನೇ ಅಡುಗೆಮನೆಗೆ ಓಡಿದೆ. “ನೋಡು, ನೀ ಯಾವಾಗಲೂ ಸ್ವಲ್ಪ ಕೈ ಹಚ್ರಿ ಅಂತೀಯಲ್ಲ, ಅವರಲ್ಲೂ ಕೈ ಅಂತಾರ!” ಆಕೆ ಉತ್ತತ್ತಿಯ ಬೀಜ ತೆಗೆಯುತ್ತಿದ್ದಳು, ಅಂಟಿನುಂಡಿಗೆ. ಒಂದು ಬುಟ್ಟಿ ಉತ್ತತ್ತಿ. “ಅವರು ಬರೇ ಅಂತಾರೋ, ಹಚ್ಚತಾರೋ?” ಅಂದಳು. ಇಂಥ ಪ್ರಶ್ನೆಗಳಿಗೆ ನಿಘಂಟಿನಲ್ಲಿ ಉತ್ತರ ಇರುವುದಿಲ್ಲ ಎಂದು ನಾನು ಪಡಸಾಲೆಗೆ ಮರಳಿದೆ.

ಉಳಿದವು ಎರಡು, ನಿಜವಾದ ಆಪತ್ತಿನ ಪದಗಳು: ‘ಔಕ್ಸೀಲಿಯೊ’ ಮತ್ತು ‘ಸೊಕೊರ್ರೊ’. ಮೊದಲನೆಯದು ಮೆಕ್ಸಿಕೋದ ಬೀದಿಯಲ್ಲಿ ಚೆನ್ನಾಗಿ ನಡೆಯುವ ಕೂಗು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮೇಲೂ ಅದೇ. ಎರಡನೆಯದನ್ನು ಕಂಡು ನಾನು ಸೋತೆ. ಅದರ ಬೇರು ಲ್ಯಾಟಿನ್, ಅರ್ಥ ಓಡಿ ಬರುವುದು. ನಾವು ಹೊಳೆದಂಡೆಯಲ್ಲಿ ಕೂಗುವ ‘ಓಡಿ ಬರ್ರೋ’ ಇದೆಯಲ್ಲ, ಅದೇ ಓಟ, ಬಾಲದಲ್ಲಿ ಅದೇ ‘ರ್ರೋ’. ಸಂಬಂಧ ಇಲ್ಲ, ಗೊತ್ತು. ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಮಧ್ಯಾಹ್ನ ಕಳೆದೆ. ಮೆಕ್ಸಿಕೋದಲ್ಲಿ ಹೆಣ್ಣುಮಕ್ಕಳಿಗೆ ಸೊಕೊರ್ರೊ ಎಂದು ಹೆಸರಿಡುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಆ ಹೆಸರಿನ ಊರೇ ಇದೆ: 1598ರಲ್ಲಿ ಹ್ವಾನ್ ದೆ ಒನ್ಯಾತೆಯ ದಂಡು ಮರುಭೂಮಿ ದಾಟಿ ಹಸಿದು ಬಂದಾಗ ಅಲ್ಲಿನ ಪೀರೊ ಜನ ಗೋವಿನಜೋಳ ಕೊಟ್ಟರು. ತಿಂದವರು ಆ ಊರಿಗೆ ಸೊಕೊರ್ರೊ ಎಂದು ಹೆಸರಿಟ್ಟರು. ಕೊಟ್ಟವರು ಇಟ್ಟುಕೊಂಡಿದ್ದ ಹೆಸರು ದಂಡಿನ ದಾಖಲೆಯಲ್ಲಿ ಉಳಿಯಿತು, ಜನರ ಬಾಯಲ್ಲಿ ಉಳಿದದ್ದು ಉಂಡವರು ಇಟ್ಟದ್ದು.

ತೊಡಕು ಇದ್ದದ್ದು ಆ ‘ರ್ರ’ದಲ್ಲಿ. ಸ್ಪ್ಯಾನಿಷಿನಲ್ಲಿ ಸಣ್ಣ ‘ರ’ ಒಂದು, ನಾಲಿಗೆ ನಡುಗಿಸುವ ದೊಡ್ಡ ‘ರ್ರ’ ಇನ್ನೊಂದು. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ನಮ್ಮ ಹಳಗನ್ನಡಕ್ಕೂ ಎರಡು ರಕಾರ ಇದ್ದವು. ಶಕಟರೇಫ ‘ಱ’ವನ್ನು ನಾವು ಕೈಬಿಟ್ಟೆವು, ಅವರು ಬಿಡಲಿಲ್ಲ. ಇದನ್ನು ಮಕ್ಕಳಿಗೆ ಕಲಿಸುವಾಗ ಇದರಿಂದ ಒಂದು ದಿನ ನನ್ನ ನಾಲಿಗೆಗೇ ಕುತ್ತು ಬರುತ್ತದೆ ಎಂದು ಅಂದುಕೊಂಡಿರಲಿಲ್ಲ. ಮಗ ಬೇರೆ ಹೇಳಿದ್ದ: “ಅಪ್ಪಾ, ಮೆಲ್ಲಗ ಅಂದ್ರ ಯಾರೂ ಬರಂಗಿಲ್ಲ. ಒದರಬೇಕು.” ಮನೆಯಲ್ಲಿ ಒದರಿದರೆ ಮಗ್ಗುಲ ಮನೆಯ ಕೂಸು ಏಳುತ್ತದೆ. ಹೀಗಾಗಿ ನಸುಕಿನಲ್ಲಿ ಭೀಮೆಯ ದಂಡೆಗೆ ಹೋದೆ.

ಸೇತುವೆಯಿಂದ ಅಷ್ಟು ದೂರ ಕೆಳಗೆ, ಬಲಕ್ಕೆ ಕಬ್ಬು, ಎಡಕ್ಕೆ ಹೊಳೆ. ಆಚೆ ದಂಡೆ ಅಫಜಲಪುರದವರದು. ಅವರು ಕೇಳಿಸಿಕೊಂಡರೂ ಜಿಲ್ಲೆ ಬೇರೆ, ಚಿಂತೆಯಿಲ್ಲ. ಸುತ್ತ ನೋಡಿ, ಗಂಟಲು ಸರಿ ಮಾಡಿಕೊಂಡು, ಎರಡೂ ಕೈ ಬಾಯಿಗೆ ಹಿಡಿದು ಮೊದಲು ಸುಲಭದ್ದನ್ನು ಬಿಟ್ಟೆ: “ಔಕ್ಸೀಲಿಯೋ!”

ಕಬ್ಬಿನೊಳಗಿಂದ ತಟ್ಟನೆ ಉತ್ತರ ಬಂತು: “ಹೌದು ಹುಲಿಯಾ!”

2019ರ ಉಪಚುನಾವಣೆಯ ಹೊತ್ತಿಗೆ ಕಾಗವಾಡದ ಕಡೆಯ ಸಭೆಯಲ್ಲಿ ಹುಟ್ಟಿದ ಆ ಕೂಗು ನಮ್ಮ ಭಾಗದ ಹುಡುಗರ ಬಾಯಿಂದ ಇನ್ನೂ ಹೋಗಿಲ್ಲ. ಮೋಟರ್ ಚಾಲೂ ಮಾಡಲು ಬಂದ ಹುಡುಗರಿಗೆ ನನ್ನ ಲ್ಯಾಟಿನ್ ಸಂತಾನ ಹುಲಿಯಾಗಿ ಕೇಳಿಸಿತ್ತು. ನಾನು ತಿದ್ದಬೇಕೆಂದು ಇನ್ನೂ ಸ್ಪಷ್ಟವಾಗಿ, ಅಕ್ಷರ ಬಿಡಿಸಿ, “ಔಕ್-ಸೀ-ಲಿ-ಯೋ” ಅಂದೆ. “ಹೌ-ದು-ಹು-ಲಿ-ಯಾ” ಎಂದು ಅವರೂ ಬಿಡಿಸಿದರು. ಮೂರನೆಯ ಸಲಕ್ಕೆ ಆಚೆ ದಂಡೆಯಿಂದಲೂ ಒಂದು ಹುಲಿಯಾ ಬಂತು. ನಿಜ ಹೇಳಬೇಕೆಂದರೆ ಅಷ್ಟೊತ್ತಿಗೆ ನನಗೂ ಖುಷಿಯಾಗತೊಡಗಿತ್ತು. ಎರಡು ಜಿಲ್ಲೆ ಸೇರಿ ಒಬ್ಬ ಪೆನ್ಶನ್ ಮಾಸ್ತರನ ಹಿಂದೆ ಕೂಗುವುದು ದಿನಾ ನಡೆಯುವ ಮಾತಲ್ಲ.

ಆ ಹುರುಪಿನಲ್ಲೇ ದೊಡ್ಡದಕ್ಕೆ ಕೈ ಹಾಕಿದೆ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ಹಚ್ಚಿ, ಹೊಟ್ಟೆಯಿಂದ ಗಾಳಿ ತಂದು, “ಸೊಕೊರ್ರ್ರ್ರ್ರ್ರೋ!” ಅದು ಬಂದಿತು. ಒಂದು ತಿಂಗಳಿಂದ ಬಾರದ ‘ರ್ರ’ ಆವತ್ತು ಹೊಳೆದಂಡೆಯಲ್ಲಿ ಬಂದಿತು, ಬಂದದ್ದು ನಿಲ್ಲಲೇ ಇಲ್ಲ. ನಿಲ್ಲಿಸುವುದು ಹೇಗೆಂದು ನಾನು ಕಲಿತಿರಲಿಲ್ಲ.

ಏರಿಯ ಮೇಲೆ ಒಂದು ಕುರಿಹಿಂಡು ಇತ್ತು. ಕುರಿ ಕಾಯುವ ಮುತ್ಯಾ ಹಿಂಡು ತಿರುಗಿಸುವುದು ಬಾಯಿಂದ ‘ಟುರ್ರ್ರ್ರ್’ ಎಂದು ನಾಲಿಗೆ ನಡುಗಿಸಿ. ಕುರಿಗಳಿಗೆ ಅಕಾಡೆಮಿ ಗೊತ್ತಿಲ್ಲ, ‘ರ್ರ್ರ್’ ಗೊತ್ತು. ಮುಂದಿನ ಟಗರು ಕಿವಿ ನಿಮಿರಿಸಿತು, ನನ್ನ ಕಡೆ ತಿರುಗಿತು. ಅದರ ಹಿಂದೆ ಹಿಂಡಿಗೆ ಹಿಂಡೇ ಏರಿ ಇಳಿದು ಬಂತು. ನಾನು ಹಿಂದೆ ಸರಿದೆ. ಹಿಂದೆ ಹೊಳೆ. “ಹೋಗ್ರಿ, ಹೋಗ್ರಿ” ಎಂದು ಕುರಿಗಳಿಗೆ ಬಹುವಚನದಲ್ಲೇ ಹೇಳಿದೆ. ಅವು ನನ್ನ ಸುತ್ತ ನಿಂತು ಮುಂದಿನ ಅಪ್ಪಣೆಗೆ ಕಾದವು. ಒಂದು ಮರಿ ನನ್ನ ಧೋತರದ ಚುಂಗು ಅಗಿಯತೊಡಗಿತು. ಗಾಬರಿಗೆ ಮತ್ತೊಮ್ಮೆ ಬಾಯಿಂದ ಬಂದದ್ದು, ಅಭ್ಯಾಸಬಲ ನೋಡಿ, “ಸೊಕೊರ್ರ್ರೋ!” ಉಳಿದಿದ್ದ ನಾಲ್ಕು ಕುರಿಗಳೂ ಬಂದವು.

ಮೇಲೆ ಅರಿವೆ ಒಗೆಯುತ್ತಿದ್ದ ಹೆಣ್ಣುಮಕ್ಕಳಿಗೆ ಕಂಡದ್ದು ಇಷ್ಟೇ: ನೀರಿನ ಅಂಚಿನಲ್ಲಿ ಕೈ ಬೀಸಿ ಒದರುತ್ತಿರುವ ಮಾಸ್ತರ. ಭೀಮೆಯಲ್ಲಿ ಮೊಸಳೆ ಇವೆ, ಅದು ಎಲ್ಲರಿಗೂ ಗೊತ್ತು. ಉಳಿದದ್ದನ್ನು ಅವರೇ ಹೊಂದಿಸಿಕೊಂಡರು. ಊರೊಳಗೆ ಹೋಗುವಷ್ಟರಲ್ಲಿ ಸುದ್ದಿ ಪೂರ್ತಿಯಾಗಿತ್ತು: ಮಾಸ್ತರನ ಕಾಲು ಮೊಸಳೆ ಹಿಡಿದಿದೆ, ಅವನು ಯಾವುದೋ ಮಂತ್ರ ಹೇಳಿ ಅದನ್ನು ತಡೆದಿದ್ದಾನೆ.

ಬಂದರು. ಒಬ್ಬ ಎತ್ತಿನ ಮಿಣಿ ತಂದ. ಒಬ್ಬ ಬಡಿಗೆ. ಹಾಲು ಹಾಕಲು ಹೊರಟಿದ್ದವನು ಕ್ಯಾನ್ ಸಮೇತ ಬಂದ. ಒಬ್ಬ ಅರ್ಧ ದಾಡಿ ಮಾಡಿಸಿಕೊಂಡು ಟವೆಲ್ಲಿನಲ್ಲೇ ಬಂದ, ಹಿಂದೆ ಕತ್ತರಿ ಹಿಡಿದು ದಾಡಿ ಮಾಡುತ್ತಿದ್ದವನು. ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತ, ಟ್ರ್ಯಾಕ್ಟರಿನ ದೊಡ್ಡ ಟ್ಯೂಬಿಗೆ ಗಾಳಿ ತುಂಬಿಸಿಕೊಂಡು ಹೆಗಲಿಗೆ ಹಾಕಿಕೊಂಡು ಒಬ್ಬ ಬಂದ. ನಾನು ಕುರಿಗಳ ನಡುವೆ ನಿಂತಿದ್ದೆ, ಎರಡೂ ಕಾಲು ಇದ್ದವು.

“ಸ್ಪ್ಯಾನಿಷ್ ಕಲಿಲಾಕತ್ತೀನಿ” ಅಂದೆ.

ಯಾರೂ ನಗಲಿಲ್ಲ. ಬಡಿಗೆಯವನು ನೀರಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, “ಹಂಗಾರ ಮೊಸಳಿ ಇಲ್ಲೇನ್ರಿ?” ಎಂದು ಕೇಳಿದ. ಅವನ ದನಿಯಲ್ಲಿದ್ದ ನಿರಾಸೆಗೆ ನಾನು ಇಂದಿಗೂ ಋಣಿ. ಅಷ್ಟರಲ್ಲಿ ಮುತ್ಯಾ ಬಂದು ನನ್ನನ್ನು ಕುರಿಗಳಿಂದ ಬಿಡಿಸಿ, “ನಾಲಿಗಿ ಬಿಗಿ ಹಿಡೀತೀರಿ ಮಾಸ್ತರ, ಸಡಲ ಬಿಡ್ರಿ” ಎಂದು ಒಂದು ‘ರ್ರ್ರ್ರ್’ ಬಿಟ್ಟು ತೋರಿಸಿದ. ಮ್ಯಾಡ್ರಿಡ್ಡಿನಲ್ಲಿ ಅದಕ್ಕೆ ಪ್ರೊಫೆಸರಿಕೆ ಕೊಡುತ್ತಿದ್ದರು.

ಟ್ಯೂಬಿನವನು ಮಾತ್ರ ಸಿಟ್ಟಿನಲ್ಲಿದ್ದ. 2020ರ ಅಕ್ಟೋಬರದಲ್ಲಿ ಉಜನಿ ಅಣೆಕಟ್ಟಿನ ನೀರು ಬಿಟ್ಟು ಭೀಮೆ ದಂಡೆಯ ಊರುಗಳೊಳಗೆ ಹೊಕ್ಕಾಗ ಇದೇ ಟ್ಯೂಬು ಕಟ್ಟಿಕೊಂಡು ನೀರಿಗೆ ಇಳಿದವನು ಅವನು. “ಆವತ್ತ ಯಾರೂ ಕಾಪಾಡ್ರಿ ಅನ್ಲಿಲ್ಲ ಮಾಸ್ತರ” ಅಂದ. “ಹಗ್ಗಾ ಅಂದ್ರು. ಎಮ್ಮಿ ಕಣ್ಣಿ ಬಿಚ್ಚು ಅಂದ್ರು. ಯವ್ವನ ಮೊದಲ ಒಯ್ಯಿ ಅಂದ್ರು.” ಹೌದು, ನನಗೂ ನೆನಪಾಯಿತು. ಸಹಾಯ ಎಂಬ ಪದ ಬಂದದ್ದು ನೀರು ಇಳಿದ ಮೇಲೆ, ಫಾರ್ಮಿನ ಮೇಲೆ, ಧನ ಎಂಬ ಬಾಲ ಹಚ್ಚಿಕೊಂಡು. “ಖರೇನ ಬಿದ್ದಾಗ ಯಾವ ಭಾಷಾದಾಗ ಒದರ್ತೀರಿ, ಈಗ ಹೇಳಿಡ್ರಿ” ಎಂದು ಹೇಳಿ ಅವನು ಟ್ಯೂಬಿನ ಗಾಳಿ ಬಿಟ್ಟ. ಅದು ಬಹಳ ಹೊತ್ತು ಹೋಯಿತು.

ಆವತ್ತಿನಿಂದ ನಾನು ಸೊಕ್ಕೂರ ಮಾಸ್ತರ. ಸೊಕೊರ್ರೊ ಊರ ಬಾಯಲ್ಲಿ ಸೊಕ್ಕಿನ ಊರಾಯಿತು. ಹಬ್ಬಕ್ಕೆ ಗೋವಾದಿಂದ ಬಂದ ಗೌಂಡಿ ಹುಡುಗನೊಬ್ಬ ಅದನ್ನು ಕೇಳಿ, “ಸುಕೂರ್ ಅಂದ್ರ ಪರ್ವರಿ ಬಾಜೂಕ ಐತಿ, ಅಲ್ಲೇ ನಮ್ಮ ಕೆಲಸ ನಡದದ” ಅಂದ. ನೋಡಿದರೆ ಖರೆ. ಬಾರ್ದೇಸಿನ ಸೊಕೊರ್ರೊ ಗ್ರಾಮ, ಸೊಕೊರ್ರೊ ಮಾತೆಯ ಇಗರ್ಜಿ, ಪೋರ್ಚುಗೀಸರಲ್ಲೂ ಅದೇ ಪದ. 1510ರಲ್ಲಿ ಅಲ್ಬುಕೆರ್ಕ್ ಗೋವಾ ಕಸಿದದ್ದು ನಮ್ಮ ವಿಜಯಪುರದ ಆದಿಲಶಾಹಿಯಿಂದಲೇ. ನಾವು ಊರು ಕಳೆದುಕೊಂಡು ಪಗಾರ, ಚಾವಿ, ಬಟಾಟಿ, ಇಸ್ತ್ರಿ ಪಡೆದೆವು. ಪಗಾರ ಎಂದರೆ ಸ್ಪ್ಯಾನಿಷಿನಲ್ಲೂ ದುಡ್ಡು ಕೊಡುವುದೇ. ನಮ್ಮ ಜನ ವರ್ಷಗಟ್ಟಲೆ ಸೊಕೊರ್ರೊಕ್ಕೆ ಬಸ್ಸು ಹತ್ತಿ ಹೋಗಿ ಗೋಡೆ ಕಟ್ಟುತ್ತಿದ್ದಾರೆ, ನಾನು ಅದನ್ನು ಫೋನಿನಲ್ಲಿ ಹುಡುಕುತ್ತ ಕೂತಿದ್ದೆ.

ಹೊರಡುವ ಮುಂಚಿನ ರಾತ್ರಿ ಮಗ ಇನ್ನೊಂದು ಬಾಂಬು ಹಾಕಿದ. “ಅಪ್ಪಾ, ಇಮಿಗ್ರೇಶನ್ ಕೌಂಟರಿನ್ಯಾಗ ಸಹಾಯಕ್ಕ ಬಂದೀವಿ ಅಂತ ಮಾತ್ರ ಅನಬ್ಯಾಡ್ರಿ. ಕೆಲಸಕ್ಕ ಬಂದಾರ ಅಂತ ತಿಳ್ಕೊಂಡಾರು. ನೋಡಿ ಹೋಗಾಕ ಬಂದೀವಿ ಅನ್ರಿ.” ಸಂದರ್ಶಕರಿಗೆ ಅಲ್ಲಿ ಸಂಬಳದ ಕೆಲಸ ಮಾಡುವ ಅನುಮತಿ ಇರುವುದಿಲ್ಲ, ಅದು ಸರಿ. ಆದರೆ ನನಗೆ ತಲೆ ಕೆಟ್ಟಿತು. ಕೌಂಟರಿನವನಿಗೆ ಸಹಾಯವು ಕೆಲಸವಾಗಿ ಕೇಳಿಸುತ್ತದಂತೆ. ನಮ್ಮಲ್ಲಿ ಕೆಲಸವೇ ಸಹಾಯವಾಗಿ ಕೇಳಿಸುತ್ತದೆ, ಸಂಬಳ ಕೊಡುವ ಹೊತ್ತಿಗೆ. 1975ರಲ್ಲಿ ಶುರುವಾದ ಯೋಜನೆ ಅಂಗನವಾಡಿಯದು. ಅಲ್ಲಿ ಬೆಳಿಗ್ಗೆ ಕಸ ಹೊಡೆದು, ನೀರು ತಂದು, ಕೂಸುಗಳ ಕುಂಡಿ ತೊಳೆದು, ಅಡುಗೆ ಮಾಡಿ ಬಡಿಸುವ ಹೆಂಗಸಿಗೆ ‘ಸಹಾಯಕಿ’ ಎಂದು ಹೆಸರು, ಅವಳಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಗೌರವ ಎಂಬ ಪದ ಸೇರಿತೆಂದರೆ ಧನ ಕಡಿಮೆಯಾಯಿತೆಂದೇ ಲೆಕ್ಕ. ಸಹಾಯಕ ಆಯುಕ್ತರಿಗೆ, ಸಹಾಯಕ ಇಂಜಿನಿಯರಿಗೆ ಮಾತ್ರ ಅದೇ ಪದ ಅಡ್ಡ ಬರುವುದಿಲ್ಲ, ಅವರದು ಸಂಬಳವೇ. ಇದನ್ನೆಲ್ಲ ಫೋನಿನಲ್ಲಿ ಮಗನಿಗೆ ವಿವರಿಸುತ್ತಿದ್ದಾಗ ಇಕಿ ನಾಲ್ಕನೆಯ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. “ಒಂದ ಸ್ವಲ್ಪ ಇಲ್ಲಿ ಬಟ್ಟು ಇಡ್ರಿ” ಅಂದಳು, ಗಂಟು ಹಾಕಲು. ಒಂದು ನಿಮಿಷ ಎಂದೆ. ಮೊಣಕಾಲು ಊರಿ ಆಕೆಯೇ ಗಂಟು ಹಾಕಿಕೊಂಡಳು.

ಪ್ರಯಾಣದ ಬಗ್ಗೆ ಬರೆಯುವಂಥದ್ದೇನಿಲ್ಲ. ಕೌಂಟರಿನವನು ನನ್ನನ್ನು ಏನೂ ಕೇಳದೆ ಠಸ್ಸೆ ಹೊಡೆದ. ಕೂಸು ಹುಟ್ಟಿತು, ಹೆಣ್ಣು. ಸೊಕೊರ್ರೊ ಎಂದು ಹೆಸರಿಡಿ ಎಂಬ ನನ್ನ ಸೂಚನೆಯನ್ನು ಮನೆಯವರೆಲ್ಲ ಸೇರಿ ತಳ್ಳಿಹಾಕಿದರು. ತಿಂಗಳು ಕಳೆದರೂ ನನಗೆ ಆಪತ್ತು ಬರಲಿಲ್ಲ. ಲಿಫ್ಟು ನಿಲ್ಲಲಿಲ್ಲ, ನಾಯಿ ಬೆನ್ನು ಹತ್ತಲಿಲ್ಲ. ಕಿಟಕಿಯಲ್ಲಿ ತಡಿ ಹಾಕಿದಂಥ ಬೆಟ್ಟ ‘ಸೆರ್ರೊ ದೆ ಲಾ ಸೀಯಾ’ ನೋಡುತ್ತ ಕೂರುವುದು, ಅದರ ‘ರ್ರೊ’ವನ್ನು ಒಬ್ಬನೇ ಅಂದುಕೊಳ್ಳುವುದು. ಇಷ್ಟು ಕಷ್ಟಪಟ್ಟು ಕಲಿತ ಪದ ಖರ್ಚಾಗದೆ ವಾಪಸು ಬರುವುದೇ ಎಂಬ ಚಿಂತೆ ಹತ್ತಿತು.

ಕಿರಾಣಿ ತರಲು ದೊಡ್ಡ ಅಂಗಡಿಗೆ ಹೋಗುವುದು ನನ್ನ ಪಾಲಿನ ಕೆಲಸ. ದುಡ್ಡು ಕೊಡುವ ಕಡೆ ಸಾಮಾನು ಚೀಲಕ್ಕೆ ತುಂಬಲು ನನ್ನ ವಯಸ್ಸಿನ ಗಂಡಸರು, ಹೆಂಗಸರು ನಿಂತಿರುತ್ತಾರೆ. ಮೊದಲ ಸಲ ನಾನು ಅಂಗಡಿಯ ಆಳೆಂದು ತಿಳಿದಿದ್ದೆ. ಅಲ್ಲವಂತೆ, ಮಗ ಹೇಳಿದ: ಅವರು ‘ವೊಲುಂತಾರಿಯೊ’, ಸ್ವಯಂಸೇವಕರು. ಅಂಗಡಿ ಅವರಿಗೆ ಸಂಬಳ ಕೊಡುವುದಿಲ್ಲ, ಗಿರಾಕಿ ಕೈಗಿಟ್ಟ ಚಿಲ್ಲರೆಯೇ ಗಳಿಕೆ. ನನಗೆ ನಮ್ಮೂರ ಸಹಾಯಕಿಯ ನೆನಪಾಯಿತು. ಮುಂದಿ‌ನ ಸಲದಿಂದ ಚಿಲ್ಲರೆ ಕೊಡುವಾಗ ಚೀಲ ತುಂಬುವ ಮುದುಕನ ಮುಖ ನೋಡಲು ಆಗುತ್ತಿರಲಿಲ್ಲ. ನನಗೆ ಪೆನ್ಶನ್ ಬರುತ್ತದೆ, ಅದನ್ನು ಅವನಿಗೆ ಯಾರೋ ಹೇಳಿಬಿಟ್ಟಿದ್ದಾರೆ ಎನ್ನಿಸುತ್ತಿತ್ತು.

ಅಲ್ಲಿಯೇ ಒಂದು ಸಂಜೆ ನನಗಿಂತ ಹಿರಿಯ ಅಜ್ಜಿಯೊಬ್ಬಳು ತಳ್ಳುಗಾಡಿಯ ಅಂಚಿಗೆ ದೊಡ್ಡ ಕಲ್ಲಂಗಡಿ ಆನಿಸಿ ಹಿಡಿದು ನಿಂತಿದ್ದಳು. ಮೇಲೆತ್ತಲು ಆಗುತ್ತಿಲ್ಲ, ಬಿಟ್ಟರೆ ಬೀಳುತ್ತದೆ. ನನ್ನ ಕಡೆ ತಿರುಗಿ, “ಮೆ ಅಯೂದಾ, ಪೋರ್ ಫವೋರ್?” ಅಂದಳು.

ಪೂರ್ತಿ ತಿಳಿಯಿತು! ಒಂದು ಅಕ್ಷರ ಬಿಡದೆ ತಿಳಿಯಿತು. ಅದೂ ಎಂಥ ಪ್ರಯೋಗ! ಇಲ್ಲಿ ‘ಅಯೂದಾ’ ನಾಮಪದವಲ್ಲ, ಕ್ರಿಯಾಪದ. ‘ನೀನು’ ಎಂದು ಕೇಳಿದ್ದರೆ ‘ಅಯೂದಾಸ್’ ಆಗಬೇಕಿತ್ತು, ಆಕೆ ‘ಸ್’ ಬಿಟ್ಟಿದ್ದಾಳೆ, ಅಂದರೆ ಗುರುತಿಲ್ಲದ ನನಗೆ ‘ನೀವು’ ಎಂಬ ಮರ್ಯಾದೆ ಕೊಟ್ಟು ಕೇಳಿದ್ದಾಳೆ. ಸೊಕೊರ್ರೊ ಅಲ್ಲ, ಔಕ್ಸೀಲಿಯೊ ಅಲ್ಲ, ಕಲ್ಲಂಗಡಿಗೆ ತಕ್ಕಷ್ಟೇ ತೂಕದ ಪದ. ತರಗತಿಯಲ್ಲಿ ಯಾರಾದರೂ ವಿಭಕ್ತಿ ತಪ್ಪದೆ ಉತ್ತರ ಹೇಳಿದಾಗ ಆಗುತ್ತಿದ್ದ ಆನಂದವೇ ಆಯಿತು. ನಾನು ತಲೆದೂಗಿ, “ಮುಯ್ ಬ್ಯೆನ್!” ಅಂದೆ. ಬಹಳ ಚಲೋ ಎಂದು ಅರ್ಥ. ಆಕೆ ಕಲ್ಲಂಗಡಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ನನ್ನ ಮೆಚ್ಚುಗೆ ಮುಟ್ಟಲಿಲ್ಲವೇನೋ ಎಂದು ಇನ್ನೊಮ್ಮೆ ಅಂದೆ.

ಚೀಲ ತುಂಬುತ್ತಿದ್ದ ಮುದುಕ ತನ್ನ ಜಾಗ ಬಿಟ್ಟು ಬಂದು ಹಣ್ಣನ್ನು ಗಾಡಿಗೆ ಇಳಿಸಿದ.

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ, ಮರ್ಯಾದೆಯ ‘ಸ್’ ಸಮೇತ, ಮನೆಯವರಿಗೆ ಬಿಡಿಸಿ ಹೇಳಿದೆ. ಮಗ ಗಂಗಾಳದಿಂದ ತಲೆ ಎತ್ತಲಿಲ್ಲ. ಸೊಸೆ ಕೂಸಿನ ಮುಖಕ್ಕೆ ಸೆರಗು ಹಿಡಿದು ನಕ್ಕಳು. ಇಕಿ ಕೂಸಿಗೆ ಹೊಗೆ ಹಾಕಲು ಕೆಂಡ ಆರಿಸುತ್ತಿದ್ದವಳು, “ಕಲ್ಲಂಗಡಿ ಎತ್ತಿದ್ರೋ ಇಲ್ಲೋ?” ಎಂದು ಕೇಳಿದಳು.

ಎತ್ತಲಿಲ್ಲ. ಆದರೆ ಕ್ರಿಯಾಪದದ ರೂಪ ಸರಿ ಇತ್ತು, ಬೇಕಾದರೆ ಅಕಾಡೆಮಿಯವರನ್ನೇ ಕೇಳಿ ನೋಡಿ.